ಹಕ್ಕಲಿನ ಜೋಳ

ಪ್ರಶ್ನೆ ಕೇಳುವ ಕೆಲಸಕ್ಕೆ ಸೇರಿದ ಮೇಲೆಯೇ ಮೈತ್ರಿಗೆ ಗೊತ್ತಾದದ್ದು, ತನಗೆ ಅದಕ್ಕಿಂತ ಕಷ್ಟದ ಕೆಲಸ ಇನ್ನೊಂದಿಲ್ಲ ಎಂದು. ಬಿ.ಎಸ್ಸಿ. ಮುಗಿಯುವ ತನಕ ಕ್ಲಾಸಿನಲ್ಲಿ ಕೈ ಎತ್ತಿದವಳಲ್ಲ. ಬಸ್ಸಿನಲ್ಲಿ ಕಂಡಕ್ಟರ್ ಚಿಲ್ಲರೆ ಮರೆತರೆ ಕೇಳಲು ನಾಚಿ ಹಾಗೇ ಇಳಿದು ಬರುತ್ತಿದ್ದವಳು. ಅಂಥವಳು ಈಗ ಶಿಕಾರಿಪುರ, ಸೊರಬ ಎರಡೂ ತಾಲ್ಲೂಕಿನ ಕಣಗಳ ಮುಂದೆ ಸ್ಕೂಟಿ ನಿಲ್ಲಿಸಿ, ಹೆಲ್ಮೆಟ್ಟು ತೆಗೆದು, ಮೊಬೈಲು ಹಿಡಿದು, ಜೋಳಕ್ಕೆ ಯೂರಿಯಾ ಎಷ್ಟು ಹಾಕಿದಿರಿ, ಟ್ರ್ಯಾಕ್ಟರ್ ಎಷ್ಟು ಸಲ ಹೊಡೆಸಿದಿರಿ, ದಂಟು ಸುಟ್ಟಿರೋ ದನಕ್ಕೆ ಹಾಕಿದಿರೋ ಎಂದೆಲ್ಲ ಕೇಳಬೇಕು. ಕೇಳಿದ್ದಕ್ಕೆ ಬಂದ ಉತ್ತರವನ್ನು ಮೊಬೈಲಿನ ಆ್ಯಪಿನಲ್ಲಿ ಒತ್ತಬೇಕು.

ಅವಳನ್ನು ಕಳಿಸಿದ್ದು ಮೆಕ್ಕೆಜೋಳದಿಂದ ಎಥನಾಲ್ ತೆಗೆದು ಪೆಟ್ರೋಲಿಗೆ ಬೆರೆಸಲು ಕೊಡುವ ಒಂದು ಕಾರ್ಖಾನೆ. ಹಿಂದೆಲ್ಲ ಗಾಡಿಯ ಸೈಲೆನ್ಸರಿನಿಂದ ಎಷ್ಟು ಹೊಗೆ ಬರುತ್ತದೆಂದು ನೋಡಿದರೆ ಮುಗಿಯುತ್ತಿತ್ತು. ಹೊಸ ನಿಯಮ ಹಾಗಲ್ಲ. ಗಾಡಿಗೆ ಹಾಕುವ ಇಂಧನದ ಹಿಂದೆ, ಹೊಲ ಉತ್ತಲ್ಲಿಂದ ಹಿಡಿದು ಬಂಕಿನ ಪೈಪಿನ ತನಕ ಎಷ್ಟು ಹೊಗೆ ಎದ್ದಿದೆಯೋ ಅದನ್ನೆಲ್ಲ ಕೂಡಿಸಿ ಒಂದು ಅಂಕೆ ಕೊಡಬೇಕು. ಆ ಅಂಕೆ ವರ್ಷದಿಂದ ವರ್ಷಕ್ಕೆ ಇಳಿಯುತ್ತ ಹೋಗಬೇಕು. ಕಾಡೋ ಕುರುಚಲೋ ಕಡಿದು ಮಾಡಿದ ಹೊಲದ ಜೋಳವಾದರೆ ಅಂಕೆ ಎಷ್ಟು ಏರುತ್ತದೆಂದರೆ ಕಾರ್ಖಾನೆ ಅದನ್ನು ಮುಟ್ಟುವ ಹಾಗಿಲ್ಲ. ಕಟಾವಾದ ಮೇಲೆ ಬಿದ್ದದ್ದನ್ನು ಆಯ್ದ ಜೋಳವಾದರೆ ಹೊಗೆ ಇಲ್ಲವೆಂದೇ ಲೆಕ್ಕ, ಏಕೆಂದರೆ ಅದಕ್ಕೆಂದು ಯಾರೂ ಉತ್ತಿಲ್ಲ, ಗೊಬ್ಬರ ಹಾಕಿಲ್ಲ.

ರೈತರು ಇದಕ್ಕೆ 'ಹೊಗೆ ಮಾರ್ಕ್ಸು' ಎಂದು ಹೆಸರಿಟ್ಟಿದ್ದರು. ಕಮ್ಮಿ ಬಂದರೆ ಪಾಸು, ಜಾಸ್ತಿ ಬಂದರೆ ಫೇಲು, ಇಂಥ ಪರೀಕ್ಷೆ ನಮ್ಮ ಕಾಲದಲ್ಲಿದ್ದಿದ್ದರೆ ನಾನು ಡಿ.ಸಿ. ಆಗುತ್ತಿದ್ದೆ ಎಂದು ಒಬ್ಬರು ಹೇಳಿದ್ದು ಕಣದಿಂದ ಕಣಕ್ಕೆ ಹರಡಿ, ಮೈತ್ರಿ ಹೋದಲ್ಲೆಲ್ಲ ಅದನ್ನೇ ಹೊಸದಾಗಿ ಹೇಳಿ ನಗಿಸಲು ನೋಡುತ್ತಿದ್ದರು. ಅವಳು ಪ್ರತಿ ಸಲವೂ ಮೊದಲ ಸಲ ಕೇಳಿದವಳ ಹಾಗೆ ನಗುತ್ತಿದ್ದಳು.

ನೀಲಾಂಬಿಕಮ್ಮನ ಕಣಕ್ಕೆ ಅವಳು ಹೋದದ್ದು ಬಿಸಿಲು ಏರಿದ ಹೊತ್ತಿನಲ್ಲಿ. ಸೊರಬ ತಾಲ್ಲೂಕಿನ ಉಳವಿಯಿಂದ ಒಳಗೆ ಹೋದರೆ ಸಿಗುವ ಹಳ್ಳಿ ಅದು. ನೀಲಾಂಬಿಕಮ್ಮನ ಗಂಡ ಸೊರಬದಲ್ಲಿ ಬಟ್ಟೆ ಅಂಗಡಿ ನೋಡಿಕೊಳ್ಳುತ್ತಾರೆ; ಬೇಸಾಯವೆಲ್ಲ ಈಕೆಯದು. ಐವತ್ತು ದಾಟಿದ, ಎತ್ತರದ, ಹಣೆಗೆ ವಿಭೂತಿ ಇಟ್ಟು ಸೆರಗು ಬಿಗಿದ ಹೆಂಗಸು. ಒಕ್ಕುವ ಮಷೀನು ಭರೋ ಎನ್ನುತ್ತಿತ್ತು. ಧೂಳಿನಲ್ಲಿ ಎರಡು ರಾಶಿ, ಒಂದು ದೊಡ್ಡದು, ಒಂದು ಅದರ ಅರ್ಧದಷ್ಟು. ದೊಡ್ಡದು ಮೇಲಿನ ಗದ್ದೆಯದು ಎಂದು ನೀಲಾಂಬಿಕಮ್ಮ ಮಷೀನಿನ ಸದ್ದಿಗಿಂತ ಗಟ್ಟಿಯಾಗಿ ಹೇಳಿದರು. ಚಿಕ್ಕದರ ಕಡೆ ಮೈತ್ರಿ ಕೈ ತೋರಿಸಿದಳು.

"ಅದು ಹಕ್ಕಲಿಂದು," ಎಂದರು.

ಹಕ್ಕಲು. ಆ ಮಾತು ಕಿವಿಗೆ ಬಿದ್ದದ್ದೇ ಮೈತ್ರಿಗೆ ತನ್ನ ಮನೆಗೇ ಬಂದ ಹಾಗಾಯಿತು. ಶಿಕಾರಿಪುರದ ಕಡೆಯ ಅವಳ ಊರು ತಾಳಗುಂದದಲ್ಲಿ ಅದು ಅಜ್ಜಿ ಚೌಡಮ್ಮನ ಮಾತು. ಹೊಲವಿಲ್ಲದ ಕಾಲದಲ್ಲಿ ಅಜ್ಜಿ ಕಂಡವರ ಹೊಲ ಕಟಾವಾದ ಮೇಲೆ ಹೋಗಿ, ಬಿದ್ದ ತೆನೆ, ಉದುರಿದ ಕಾಳು ಆಯ್ದು ಉಡಿಯಲ್ಲಿ ತುಂಬಿ ತರುತ್ತಿದ್ದಳು. ಅದಕ್ಕೆ ಆ ಕಡೆ ಹಕ್ಕಲು ಆಯುವುದು ಎನ್ನುತ್ತಾರೆ. ಈಗ ಅಪ್ಪ ಮಾಸ್ತಪ್ಪನಿಗೆ ಶಿಕಾರಿಪುರದ ಹೈಸ್ಕೂಲಿನಲ್ಲಿ ಅಟೆಂಡರ್ ಕೆಲಸವಿದೆ, ಊರಲ್ಲಿ ಸ್ವಂತ ತುಂಡು ಹೊಲವೂ ಆಗಿದೆ. ಆದರೂ ಅಜ್ಜಿ ಸುಗ್ಗಿಯಲ್ಲಿ ತಮ್ಮ ಹೊಲಕ್ಕೇ ಹೋಗಿ ಹಕ್ಕಲು ಆಯ್ದು ತಂದು, ಕೆಂಡದ ಮೇಲೆ ಹುರಿದು, ಮೊಮ್ಮಗಳ ಕೈಗೆ ಬಿಸಿ ಕಾಳು ಸುರಿಯುತ್ತಾಳೆ. ಬಾಯಿ ಸುಡುವ ಆ ಕಾಳಿನ ರುಚಿಗೆ ಮೈತ್ರಿಯ ಮನಸ್ಸಿನಲ್ಲಿ ಹಕ್ಕಲು ಎಂದೇ ಹೆಸರು.

ಇಷ್ಟೊಂದು ಹಕ್ಕಲೇ ಎಂದು ಒಂದು ಕ್ಷಣ ಅನ್ನಿಸದೆ ಇರಲಿಲ್ಲ. ಕಟಾವು ಮಷೀನು ಬಂದ ಮೇಲೆ ತೆನೆ ಉದುರುವುದು ಜಾಸ್ತಿ. ದೊಡ್ಡವರ ಹೊಲದಲ್ಲಿ ಹಕ್ಕಲೂ ದೊಡ್ಡದೇ ಇರಬೇಕು ಎಂದು ತಾನೇ ಸಮಾಧಾನ ಹೇಳಿಕೊಂಡಳು. ಇನ್ನೊಂದು ಪ್ರಶ್ನೆ ಕೇಳಿದ್ದರೆ ಆಗುತ್ತಿತ್ತು. ಕೇಳಬೇಕಾದರೆ ಮಷೀನಿನ ಸದ್ದಿಗಿಂತ ಗಟ್ಟಿಯಾಗಿ ಕೂಗಬೇಕಿತ್ತು. 'ಉಳಿಕೆ: ಕಟಾವಿನ ನಂತರ ಆಯ್ದದ್ದು' ಎಂಬಲ್ಲಿ ಬೆರಳು ಒತ್ತಿದಳು.

ಅಂಕೆ ಬಂತು. ಎರಡೂ ತಾಲ್ಲೂಕಿನಲ್ಲಿ ಅಷ್ಟು ಕಡಿಮೆ ಹೊಗೆಯ ರಾಶಿ ಇನ್ನೊಂದಿರಲಿಲ್ಲ.

ಮೈತ್ರಿಯ ಮೇಲಿನ ಸೂಪರ್‌ವೈಸರ್ ಈಶ್ವರ್, ಶಿಕಾರಿಪುರ ಪೇಟೆಯವನು. ಮಾತಿನ ಮಲ್ಲ, ಕೆಟ್ಟವನಲ್ಲ. ಆ ಅಂಕೆ ನೋಡಿ ಅವನಿಗೆ ಕುಣಿಯುವಷ್ಟಾಯಿತು. ಹಕ್ಕಲು ಎಂದರೆ ಏನೆಂದು ಅವನಿಗೂ ಗೊತ್ತು, ಶಿಕಾರಿಪುರದವನಿಗೆ ಗೊತ್ತಿರುವ ಅರ್ಥದಲ್ಲೇ ಗೊತ್ತು. ಸ್ವಂತ ಜಮೀನಿದ್ದೂ ಬಿದ್ದ ತೆನೆಯನ್ನು ಬಿಡದ ಹೆಂಗಸು ಎಂದು ಅವನು ಮೇಲಿನವರಿಗೆ ಬರೆದ. ಸನ್ಮಾನ ಮಾಡೋಣ ಎಂದು ಮೇಲಿನವರು ಒಪ್ಪಿದರು. ಆ ಊರಿನ ಹಾಲಿನ ಡೈರಿಯ ಮುಂದೆ ಶಾಮಿಯಾನ ಹಾಕಿಸುವ ಹೊಣೆಯನ್ನು ಡೈರಿಯ ಅಧ್ಯಕ್ಷ ಮಹೇಶ್ವರಪ್ಪ ವಹಿಸಿಕೊಂಡರು. ನೀಲಾಂಬಿಕಮ್ಮನಿಗೆ ಅವರು ಮೈದುನ. ಅತ್ತಿಗೆಗೆ ಸನ್ಮಾನವೆಂದರೆ ಮನೆಗೇ ಬಂದ ಮರ್ಯಾದೆ.

ಬ್ಯಾನರಿನಲ್ಲಿ 'ಹಕ್ಕಲಿನಿಂದ ಹಸಿರು ಇಂಧನ' ಎಂದು ದೊಡ್ಡದಾಗಿ ಬರೆಸಿದ್ದರು. ಬಂದವರೆಲ್ಲ ಅದನ್ನು ಓದಿ, ಪರವಾಗಿಲ್ಲ, ನಮ್ಮ ಕಡೆಯ ಮಾತನ್ನೇ ಹಾಕಿದ್ದಾರೆ ಎಂದು ಸಂತೋಷಪಟ್ಟರು. ನೀಲಾಂಬಿಕಮ್ಮ ಹಸಿರು ಅಂಚಿನ ರೇಷ್ಮೆ ಸೀರೆ ಉಟ್ಟು ಮುಂದಿನ ಕುರ್ಚಿಯಲ್ಲಿ ಕುಳಿತಿದ್ದರು. ಮೈತ್ರಿ ಎಲ್ಲರಿಗಿಂತ ಹಿಂದೆ, ಕಂಬಕ್ಕೆ ಒರಗಿ ನಿಂತಿದ್ದಳು. ಶಾಲು ಹೊದಿಸಿದ್ದಾಯಿತು. ಈಶ್ವರ್ ಮೈಕು ಹಿಡಿದ. ಹೊಗೆ, ಭೂಮಿಯ ಬಿಸಿ, ಮುಂದಿನ ಮಕ್ಕಳು ಎಲ್ಲ ಹೇಳಿ, ಕೊನೆಗೆ ದನಿ ತಗ್ಗಿಸಿ, ಕಟಾವಾದ ಹೊಲದಲ್ಲಿ ಬಿದ್ದ ಒಂದೊಂದು ತೆನೆಯನ್ನೂ ಬಗ್ಗಿ ಬಗ್ಗಿ ಆಯ್ದು ರಾಶಿ ಮಾಡಿದ ಈ ತಾಯಿ ನಮಗೆಲ್ಲ ಮಾದರಿ ಎಂದ.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಮಹೇಶ್ವರಪ್ಪನವರಿಗೆ ಮಾತು ತಡೆಯುವುದು ಗೊತ್ತಿಲ್ಲ.

"ಅತ್ತಿಗೆ, ಯಾರ ಹೊಲದಾಗೆ ಆಯಕ್ಕೆ ಹೋಗಿದ್ರಿ? ನಮ್ಗೊಂದು ಮಾತು ಹೇಳಿದ್ರೆ ಬುಟ್ಟಿನಾದ್ರೂ ಕೊಡ್ತಿದ್ವಲ್ಲ."

ಆಗ ಎಲ್ಲರೂ ನಕ್ಕರು. ನೀಲಾಂಬಿಕಮ್ಮ ನಗಲಿಲ್ಲ. ಎದ್ದು, ಶಾಲನ್ನು ಬಟ್ಟೆ ಅಂಗಡಿಯವರ ಮನೆಯವರಿಗೆ ಮಾತ್ರ ಬರುವ ಹದದಲ್ಲಿ ನಾಲ್ಕು ಮಡಿಕೆ ಮಾಡಿ ಕುರ್ಚಿಯ ಮೇಲಿಟ್ಟು, ನೇರ ಮೈತ್ರಿಯ ಹತ್ತಿರ ಬಂದರು. ದನಿ ಎತ್ತಲಿಲ್ಲ.

"ಎಂತ ಬರ್ಕೊಂಡೆ ತಂಗಿ ನೀನು? ಕಂಡೋರ ಹೊಲದಾಗೆ ಬಿದ್ದಿದ್ದು ಆಯ್ಕೊಂಡು ಬರೋ ಜನಾನಾ ನಾವು?"

ತಪ್ಪು ತನ್ನದು ಎಂದು ಆ ಹೊತ್ತಿಗೆ ಮೈತ್ರಿಗೆ ಗೊತ್ತಾಗಿತ್ತು, ಎಂಥ ತಪ್ಪು ಎಂದು ಇನ್ನೂ ಗೊತ್ತಾಗಿರಲಿಲ್ಲ. ಆದರೆ ಎದೆಗೆ ನಾಟಿದ್ದು ತಪ್ಪಲ್ಲ, 'ಜನ' ಎಂಬ ಮಾತು. ಆಯ್ದುಕೊಂಡು ಬರುವ ಜನ. ಅಂಥವರು ಎಲ್ಲೋ ದೂರ ಇದ್ದಾರೆ ಎಂಬ ಹಾಗೆ ಆಡಿದ ಆ ಮಾತಿನ ಎದುರಿಗೇ ಅವಳು ನಿಂತಿದ್ದಳು.

ಹಕ್ಕಲು ಎಂದರೆ ಏನೆಂದು ಡೈರಿಯ ಕಟ್ಟೆಯ ಮೇಲೆ ಕೂತ ಮುದುಕರೊಬ್ಬರು ಬಿಡಿಸಿ ಹೇಳಿದರು. ಸೊರಬದ ಕಡೆ ಅದು ನೆಲದ ಹೆಸರು. ಗದ್ದೆಯ ಮೇಲೆ, ಕಾಡಿನ ಕೆಳಗೆ, ನೀರು ನಿಲ್ಲದ ಒಣ ದಿಬ್ಬ. ಕಾಡು ಎನ್ನುವ ಹಾಗಿಲ್ಲ, ಹೊಲ ಎನ್ನುವ ಹಾಗಿಲ್ಲ. ಮುಳ್ಳು, ಹುಲ್ಲು, ಕುರುಚಲು ಗಿಡ. ದನ ಮೇಯಲು ಬಿಟ್ಟ ಜಾಗ. ಈಚೆಗೆ ಕೆಲವರು ಅದನ್ನು ಕಡಿದು ಬಿಡಿಸಿ ಜೋಳ ಹಾಕುತ್ತಿದ್ದಾರೆ.

ಈಶ್ವರ್ ಹಣೆ ಒರೆಸಿಕೊಂಡ. ಆಮೇಲೆ ಸಲೀಸಾಗಿ ಒಂದು ದಾರಿ ಹೇಳಿದ. 'ಹೊಲ' ಎಂದು ಒತ್ತಿಬಿಡುವುದು. ಈಗ ಹೊಲವೇ ತಾನೆ? ಎಷ್ಟು ವರ್ಷದಿಂದ ಹೊಲ ಎಂದು ಆ್ಯಪು ಕೇಳಿದರೆ 'ಮೊದಲಿಂದ' ಎನ್ನುವುದು. ಆಕೆಯ ಜೋಳವೂ ಹೋಗುತ್ತದೆ, ಊರಿನವರ ಬಾಯಿಯೂ ಮುಚ್ಚುತ್ತದೆ, ಮೇಲಿನವರಿಗೆ ಹೇಗೋ ಹೇಳಿಕೊಂಡರಾಯಿತು.

"ಒಂದ್ಸಲ ನೋಡ್ಕೊಂಡ್ ಬರ್ತೀನಿ ಸರ್," ಎಂದಳು ಮೈತ್ರಿ.

ನೋಡುವುದಕ್ಕೇನಿದೆ ಎಂದು ಅವನು ಗೊಣಗಿದ, ಬೇಡವೆನ್ನಲಿಲ್ಲ.

ತಾಳಗುಂದಕ್ಕೆ ಬಂದಾಗ ಅಜ್ಜಿ ಅಂಗಳದಲ್ಲಿ ಕಾಲು ಚಾಚಿ ಕೂತು ಬೆಂಡಿನಿಂದ ಕಾಳು ಬಿಡಿಸುತ್ತಿದ್ದಳು. ಮೈತ್ರಿ ಪಕ್ಕದಲ್ಲಿ ಕೂತು ತಾನೂ ಒಂದು ತೆನೆ ತೆಗೆದುಕೊಂಡಳು. ಸನ್ಮಾನದ ಕಥೆ ಹೇಳಿದರೆ ಅಜ್ಜಿ ನಗುತ್ತಾಳೆಂದು ಗೊತ್ತಿತ್ತು, ಅದನ್ನು ಹೇಳಲು ಮನಸ್ಸಾಗಲಿಲ್ಲ. ಇಷ್ಟು ವರ್ಷ ಕೇಳಬೇಕೆಂದು ಹೊಳೆಯದಿದ್ದ ಒಂದು ಪ್ರಶ್ನೆ ಕೇಳಿದಳು. ಹಕ್ಕಲು ಆಯಲು ಹೋದಾಗ ನಾಚಿಕೆ ಆಗುತ್ತಿರಲಿಲ್ಲವೇ?

ಅಜ್ಜಿ ಕೈ ನಿಲ್ಲಿಸಲಿಲ್ಲ.

"ಬಗ್ಗೋದಕ್ಕೆ ಯಾತರ ನಾಚ್ಕಿ ಬೇ? ನೆಲದ ಮ್ಯಾಲ ಬಿದ್ದಿದ್ದು ನೆಲದ್ದು. ಹೊಲದೋರು ಬದುವಿನ ಮ್ಯಾಲ ನಿಂತ್ಕಂಡು 'ಸಾಕು, ಏಳ್ರೇ' ಅಂತಿದ್ರಲ್ಲ, ಆವಾಗ ಆಗತಿತ್ತು. ಬಗ್ಗಿದ್ದಕ್ಕಲ್ಲ, ಎಬ್ಬಿಸಿದ್ದಕ್ಕೆ."

ಆಮೇಲೆ, ಯಾರು ಕೇಳಿದರು ಎಂದು ತಿರುಗಿ ಕೇಳಿದಳು. ಯಾರೂ ಇಲ್ಲ ಎಂದಳು ಮೈತ್ರಿ.

ಮತ್ತೆ ನೀಲಾಂಬಿಕಮ್ಮನ ಮನೆಯ ಮುಂದೆ ಸ್ಕೂಟಿ ನಿಲ್ಲಿಸುವ ಹೊತ್ತಿಗೆ ದಾರಿಯುದ್ದಕ್ಕೂ ಹೊಂದಿಸಿಕೊಂಡ ಮಾತು ಮರೆತುಹೋಗಿತ್ತು. ತಪ್ಪಾಯಿತಮ್ಮ ಎಂದಷ್ಟೇ ಹೇಳಿದಳು. ನೀಲಾಂಬಿಕಮ್ಮ ಕೂರಲು ಹೇಳಿದರು, ಟೀ ಕೊಟ್ಟರು, ಮುಖ ಕೊಡಲಿಲ್ಲ. ಊರಿನ ಮುಂದೆ ಆದದ್ದು ಊರಿನ ಮುಂದೆಯೇ ಸರಿಯಾಗಬೇಕು ಎಂದರು. ಆಚೆ ವಾರ ಕಾರ್ಖಾನೆಯ ಲಾರಿ ಬರುವ ದಿನ ಎಲ್ಲರೂ ಡೈರಿಯ ಹತ್ತಿರ ಸೇರುತ್ತಾರೆ. ಅಲ್ಲಿ ಮೈಕು ಹಿಡಿದು, ಇದು ಇವರ ಸ್ವಂತ ಹಕ್ಕಲಿನ ಜೋಳ, ಇವರು ಹೆಕ್ಕಿ ತಿನ್ನುವವರಲ್ಲ ಎಂದು ಈ ಹುಡುಗಿಯೇ ಹೇಳಬೇಕು. ಮೈತ್ರಿ ತಲೆ ಆಡಿಸಿದಳು. ಹಕ್ಕಲನ್ನು ನೋಡಬಹುದೇ ಎಂದು ಕೇಳಿದಳು.

ಗದ್ದೆಯ ಬದುವಿನ ಮೇಲೆ ನಡೆದು ದಿಬ್ಬ ಹತ್ತಿದರು. ಕೆಂಪು ನೆಲ, ಕೊಯ್ದ ದಂಟಿನ ಕೂಳೆ. ಮೇಲುಗಡೆ ಕಾಡಿನ ಅಂಚು ಕತ್ತರಿಸಿದ ಹಾಗೆ ನೆಟ್ಟಗೆ ನಿಂತಿತ್ತು. ಹೊಲಗಳು ಅಷ್ಟು ನೆಟ್ಟಗೆ ಮುಗಿಯುವುದು ಅಳತೆಗಾರ ಬಂದ ಮೇಲೋ ಜೆಸಿಬಿ ಬಂದ ಮೇಲೋ ಎಂದು ಮೈತ್ರಿಗೆ ಅನ್ನಿಸಿತು. ಸದ್ದು ಮಾಡುವ ಮಷೀನು ಇಲ್ಲಿರಲಿಲ್ಲ. ಕೇಳದೆ ಇರಲು ಈ ಸಲ ನೆಪವಿರಲಿಲ್ಲ.

"ಅಮ್ಮ, ಇಲ್ಲಿ ಮೊದ್ಲು ಏನಿತ್ತು?"

ಏನಿತ್ತು ಎಂದು ಯಾರೂ ಈತನಕ ಕೇಳಿಯೇ ಇಲ್ಲವೇನೋ ಎಂಬಂತೆ ನೀಲಾಂಬಿಕಮ್ಮ ಸುತ್ತ ನೋಡಿದರು. ಕವಳಿ ಹಣ್ಣಿನ ಪೊದೆ ಇತ್ತು ಎಂದರು. ಮೊದಲ ಮಳೆ ಬಿದ್ದರೆ ಕಪ್ಪಗೆ ಹಣ್ಣಾಗುತ್ತಿತ್ತು. ಅವರು ಮದುವೆಯಾಗಿ ಬಂದ ವರ್ಷ ಅತ್ತೆಯ ಕಣ್ಣು ತಪ್ಪಿಸಿ ಬಂದು ತಿಂದು ನಾಲಿಗೆ ನೀಲಿ ಮಾಡಿಕೊಂಡು ಸಿಕ್ಕಿಬಿದ್ದಿದ್ದರು. ಕುಂಟು ನೇರಲೆ ಇತ್ತು, ಮುಳ್ಳಣ್ಣು ಇತ್ತು. ನವಿಲು ಮೊಟ್ಟೆ ಇಡುತ್ತಿತ್ತು. ಜೋಳಕ್ಕೆ ರೇಟು ಬಂದ ವರ್ಷ ಮೈದುನನೇ ಜೆಸಿಬಿ ಗೊತ್ತು ಮಾಡಿಕೊಟ್ಟ. ಒಂದು ಹಗಲು ಮುಗಿಯುವುದರೊಳಗೆ ಬೋಳು. ಬೇರು ಬೊಡ್ಡೆ ಎಲ್ಲ ಗುಡ್ಡೆ ಹಾಕಿ ಬೆಂಕಿ ಕೊಟ್ಟದ್ದು. ಹಸಿ ಬೇರು ಉರಿಯಲಿಲ್ಲ, ಹೊಗೆ ಕಾರಿತು. ಮನೆಯ ತನಕ ಹೊಗೆ, ಒಗೆದು ಹಾಕಿದ ಬಟ್ಟೆಗೆಲ್ಲ ವಾಸನೆ, ಮತ್ತೆ ಒಗೆಸಬೇಕಾಯಿತು.

ಅದೇ ಹೊಗೆ ಎಂದು ಮೈತ್ರಿ ಅಂದುಕೊಂಡಳು. ನಿಯಮ ಹುಡುಕುತ್ತಿರುವುದು ಅದನ್ನೇ. ಅದು ಎಂದೋ ಆಕಾಶಕ್ಕೆ ಹೋಗಿ ಸೇರಿದೆ, ಯಾರ ಬಟ್ಟೆಯಲ್ಲೂ ಈಗ ವಾಸನೆ ಇಲ್ಲ. ಆದರೆ ತನ್ನ ಸ್ಕೂಟಿಗೆ ಸುರಿಯುವ ಪೆಟ್ರೋಲಿನಲ್ಲಿ ಈ ದಿಬ್ಬದ ಜೋಳ ಬೆರೆತರೆ, ಆ ಕವಳಿ ಬೇರಿನ ಹೊಗೆಯೂ ಅದರ ಜೊತೆ ಬೆರೆತಿರುತ್ತದೆ. ಇಷ್ಟು ದಿನ ಅವಳು ಪ್ರಶ್ನೆಗಳನ್ನು ಬಾಯಿಪಾಠ ಮಾಡಿ ಒಪ್ಪಿಸುತ್ತಿದ್ದಳು. ಅವು ಏನನ್ನು ಕೇಳುತ್ತಿವೆ ಎಂದು ಇಂದು, ಈ ಕೂಳೆಯ ನಡುವೆ ನಿಂತು ಕಂಡ ಹಾಗಾಯಿತು. ಜೊತೆಗೇ ಇನ್ನೊಂದೂ ಕಂಡಿತು: ಉತ್ತರಕ್ಕೆ ಬೆಲೆ ಕೊಡಬೇಕಾದವರು ಪಕ್ಕದಲ್ಲೇ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದಾರೆ.

ಇದ್ದದ್ದನ್ನು ಹೇಳಿದಳು. ನಿಜ ಒತ್ತಿದರೆ ಈ ರಾಶಿಯನ್ನು ಕಾರ್ಖಾನೆ ತೆಗೆದುಕೊಳ್ಳುವುದಿಲ್ಲ. ಈ ವರ್ಷವೂ ಇಲ್ಲ, ಮುಂದೆಯೂ ಇಲ್ಲ. ಊರಿನಲ್ಲಿ ಹಕ್ಕಲು ಬಿಡಿಸಿದ ಬೇರೆಯವರನ್ನೂ ಮತ್ತೆ ಕೇಳಬೇಕಾಗುತ್ತದೆ. ಮೊದಲಿಂದ ಹೊಲ ಎಂದು ಒತ್ತಿದರೆ ಯಾರಿಗೂ ಏನೂ ಆಗುವುದಿಲ್ಲ, ಹಾಗೆ ಮಾಡು ಎಂದು ಸೂಪರ್‌ವೈಸರ್ ಹೇಳಿದ್ದಾರೆ.

"ನೀ ಎಂತ ಹೇಳ್ತೀಯ?" ಎಂದು ಕೇಳಿದರು ನೀಲಾಂಬಿಕಮ್ಮ.

ತನ್ನನ್ನು ಯಾರಾದರೂ ಹೀಗೆ ಕೇಳಿದ್ದು ಮೈತ್ರಿಗೆ ನೆನಪಿರಲಿಲ್ಲ. ಅದಕ್ಕೆ ಉತ್ತರ ಹುಡುಕಹೋಗಿ ಅವಳ ಬಾಯಿಂದ ಬೇರೆಯದೇ ಬಂತು.

"ನನ್ನ ಅಜ್ಜಿ ಹಕ್ಕಲು ಆಯ್ತಿದ್ರು ಅಮ್ಮ. ನಮ್ಮಪ್ಪ ಓದಿದ್ದು ಅದ್ರಲ್ಲೇ. ನಮ್ಮ ಕಡೆ ಹಕ್ಕಲು ಅಂದ್ರೆ ಅದು. ನೀವು ಹಕ್ಕಲಿಂದು ಅಂದ್ರಿ. ನನಗೆ ಖುಷಿ ಆಯ್ತು, ಒತ್ತಿಬಿಟ್ಟೆ."

ನೀಲಾಂಬಿಕಮ್ಮ ಅವಳನ್ನೇ ನೋಡಿದರು. ಬದುವಿನ ಕಲ್ಲಿನ ಮೇಲೆ ಕೂತು, ಕಾಲ ಬಳಿ ಇದ್ದ ಕೂಳೆಯೊಂದನ್ನು ಎಳೆದು ಎಳೆದು ನೋಡಿದರು, ಅದು ಬರಲಿಲ್ಲ.

"ಯಾರ ಹೊಲದಾಗೆ?" ಎಂದರು.

ನಿಮ್ಮಂಥವರದ್ದೇ ಎಂಬುದು ಉತ್ತರ. ಮೈತ್ರಿ ಅದನ್ನು ಹೇಳಲಿಲ್ಲ. ಊರಿನವರದ್ದು ಎಂದಳು. ನೀಲಾಂಬಿಕಮ್ಮನಿಗೆ ಹೇಳಿದ್ದೂ ಕೇಳಿತು, ಹೇಳದ್ದೂ ಕೇಳಿತು. ಅತ್ತೆಯ ಕಾಲದಲ್ಲಿ ತಮ್ಮ ಗದ್ದೆಗೂ ಆಯಲು ಬರುತ್ತಿದ್ದರು ಎಂದು ನೆನೆಸಿಕೊಂಡು, ಅರ್ಧಕ್ಕೇ ನಿಲ್ಲಿಸಿದರು. ಅತ್ತೆ ಬದುವಿನ ಮೇಲೆ ನಿಂತು ಏನನ್ನುತ್ತಿದ್ದರು ಎಂಬುದು ಬಾಯಿಯ ತನಕ ಬಂದು ಹಿಂದೆ ಹೋದದ್ದು ಮೈತ್ರಿಗೆ ಕಂಡಿತು.

ಎದ್ದು ನಿಂತು ಸೀರೆ ಕೊಡವಿಕೊಂಡರು.

"ಕವಳಿ ಕಡ್ಸಿದ್ದು ನಾನು. ಬೆಂಕಿ ಕೊಟ್ಟಿದ್ದೂ ನಾನೇ. ಈಗ ಅದು ಇರ್ಲೇ ಇಲ್ಲ ಅಂತ ಬರ್ಸಿದ್ರೆ, ನಾ ಇಲ್ಲಿ ಬಂದು ತಿಂದಿದ್ದೂ ಸುಳ್ಳೇ ಆಗ್ತದೆ. ಇದ್ದಂಗೆ ಬರ್ಕೋ ಮಾರಾಯ್ತಿ."

ಮೈತ್ರಿ ಮೊಬೈಲು ತೆಗೆದಳು. ಅಲ್ಲಿ ಹಕ್ಕಲು ಎಂಬ ಮಾತಿಗೆ ಜಾಗವಿರಲಿಲ್ಲ. 'ಕಾಡು ಅಥವಾ ಕುರುಚಲು ತೆಗೆದ ಜಮೀನು' ಎಂಬುದು ಹತ್ತಿರದ್ದು. ಅದನ್ನೇ ಒತ್ತಿದಳು. ಕೆಂಪು ಬಣ್ಣದ ಒಂದು ಗೆರೆ ಮೂಡಿ, ಆ ರಾಶಿಯ ಹೆಸರು ಪಟ್ಟಿಯಿಂದ ಆಚೆ ಸರಿಯಿತು. ಇಷ್ಟೇನಾ ಎಂದರು ನೀಲಾಂಬಿಕಮ್ಮ, ಬಗ್ಗಿ ನೋಡಿ.

ಇಳಿದು ಬರುವಾಗ ಅವರು ಮುಂದೆ ನಡೆಯುತ್ತಿದ್ದರು. ಹಿಂದೆ ತಿರುಗದೆಯೇ ಒಂದು ಮಾತು ಹೇಳಿದರು. ಮೈಕಿನಲ್ಲಿ ಏನೂ ಹೇಳುವುದು ಬೇಡ.

ಈಶ್ವರ್ ಫೋನಿನಲ್ಲಿ ಕೂಗಾಡಿದ. ಸನ್ಮಾನದ ಫೋಟೋ ಎಲ್ಲಿಗೆಲ್ಲ ಹೋಗಿದೆ ಗೊತ್ತೇ, ತಾನೀಗ ಯಾವ ಮುಖ ಇಟ್ಟುಕೊಂಡು ಹೇಳಲಿ, ಒಂದು ಬೆರಳು ಸ್ವಲ್ಪ ಮೇಲೆ ಒತ್ತಿದ್ದರೆ ಏನು ಗಂಟು ಹೋಗುತ್ತಿತ್ತು ಎಂದೆಲ್ಲ. ಮೈತ್ರಿ ಸುಮ್ಮನೆ ಕೇಳಿಸಿಕೊಂಡಳು. ಸುಮ್ಮನಿರುವುದು ಅವಳಿಗೆ ಬರುವ ಕೆಲಸ. ಅವನಿಗೆ ಕೂಗಿ ಸಾಕಾಯಿತು. ಸಾಕಾದ ಮೇಲೆ, ಹಕ್ಕಲು ಎಂದರೆ ಅಲ್ಲಿ ನೆಲ ಎಂದು ನನಗೂ ಗೊತ್ತಿರಲಿಲ್ಲ ಬಿಡಿ ಮೈತ್ರಿಯವರೇ ಎಂದ. ಇನ್ನು ಮುಂದೆ ಸೊರಬದ ಕಡೆ ಯಾರು ಆ ಮಾತು ಹೇಳಿದರೂ ಎರಡು ಸಲ ಕೇಳಿ ಎಂದು ಉಳಿದ ಹುಡುಗಿಯರಿಗೆಲ್ಲ ಹೇಳಿದನಂತೆ.

ಲಾರಿ ಬಂದ ದಿನ ಡೈರಿಯ ಮುಂದೆ ಚೀಲಗಳ ಸಾಲು. ನೀಲಾಂಬಿಕಮ್ಮನ ಗದ್ದೆಯ ಜೋಳ ಸಾಲಿನಲ್ಲಿತ್ತು, ಹಕ್ಕಲಿನದು ಟಾರ್ಪಾಲಿನ ಕೆಳಗೆ ಬೇರೆಯೇ ಉಳಿದಿತ್ತು. ಹಕ್ಕಲು ಬಿಡಿಸಿದ ಇನ್ನೆರಡು ಮನೆಯವರದೂ ಹಾಗೇ ಉಳಿದಿತ್ತು. ಅವರು ಮೈತ್ರಿಯನ್ನು ನೋಡಿಯೂ ನೋಡದ ಹಾಗೆ ಬೀಡಿ ಸೇದುತ್ತ ನಿಂತಿದ್ದರು. ಹಮಾಲರು ಕೊಕ್ಕೆ ಹಾಕಿ ಚೀಲ ಎತ್ತಿ ಎತ್ತಿ ಎಸೆಯುತ್ತಿದ್ದರು.

ಮಹೇಶ್ವರಪ್ಪನವರಿಗೆ ಈ ಸಲವೂ ಸುಮ್ಮನಿರಲಾಗಲಿಲ್ಲ. ಹೊಗೆ ಮಾರ್ಕ್ಸಿನಲ್ಲಿ ರ್ಯಾಂಕು ಬಂದಿದ್ದ ಅತ್ತಿಗೆ ಈಗ ಫೇಲಂತೆ, ಶಾಲು ವಾಪಸು ಕೊಟ್ಟದ್ದು ಒಳ್ಳೆಯದೇ ಆಯಿತು ಎಂದರು. ಅತ್ತಿಗೆಯ ಜೋಳವನ್ನು ಇನ್ನು ಯಾರು ಕೊಳ್ಳುತ್ತಾರೆ ಎಂದೂ ಕೇಳಿದರು. ಕೋಳಿಫಾರಮ್ಮಿನವರಿಗೆ ಹೇಳಿದ್ದಾಗಿದೆ, ಅವರು ರೇಟು ಇಳಿಸಿ ಕೇಳುತ್ತಾರೆ, ಕೊಡುವುದೇ, ಕೋಳಿ ಯಾವ ಹೊಗೆಯನ್ನೂ ವಿಚಾರಿಸುವುದಿಲ್ಲ ಎಂದರು ನೀಲಾಂಬಿಕಮ್ಮ. ಜೆಸಿಬಿ ತರಿಸಿದವರನ್ನೂ ವಿಚಾರಿಸುವುದಿಲ್ಲ ಎಂದು ಸೇರಿಸಿದರು. ಮಹೇಶ್ವರಪ್ಪ ಲಾರಿಯ ಹಗ್ಗ ಸರಿಯಿದೆಯೇ ನೋಡಲು ಆಚೆ ಹೋದರು.

ಲಾರಿ ತುಂಬಿ ಹೊರಟಿತು. ಕೊಕ್ಕೆಗೆ ಸಿಕ್ಕಿ ಹರಿದ ಚೀಲಗಳಿಂದ ಉದುರಿದ ಕಾಳು ಡೈರಿಯ ಮುಂದಿನ ನೆಲದ ತುಂಬ ಹರಡಿ, ಬಿಸಿಲಿಗೆ ಹಳದಿಯಾಗಿ ಹೊಳೆಯುತ್ತಿತ್ತು. ಯಾವ ರೈತನದು, ಯಾವ ನೆಲದ್ದು ಎಂದು ಹೇಳುವ ಹಾಗಿರಲಿಲ್ಲ. ಜನ ತುಳಿದುಕೊಂಡು ಓಡಾಡುತ್ತಿದ್ದರು.

ಮೈತ್ರಿ ಸ್ಕೂಟಿಯ ಕಡೆ ಹೊರಟವಳು ನಿಂತಳು. ಯೋಚನೆ ಮಾಡಿ ಮಾಡಿದ್ದಲ್ಲ. ಕುಕ್ಕರಗಾಲಿನಲ್ಲಿ ಕೂತು, ಅಜ್ಜಿ ಕಲಿಸಿದ ಹಾಗೆ ಅಂಗೈ ಅಗಲಿಸಿ ಕಾಳನ್ನು ಒಟ್ಟಿಗೆ ತಂದು, ಮಣ್ಣು ಕೆಳಗೆ ಬಿಟ್ಟು, ಮೇಲಿನದನ್ನು ದುಪಟ್ಟಾದ ಮಡಿಲಿಗೆ ಹಾಕಿಕೊಳ್ಳತೊಡಗಿದಳು. ಒಂದು ಬೊಗಸೆಯಾದ ಮೇಲೆ ಸುತ್ತ ಮಾತು ನಿಂತಿರುವುದು ಗೊತ್ತಾಯಿತು. ಕಿವಿ ಬಿಸಿಯಾಯಿತು. ಏಳು ಎಂದು ಯಾರಾದರೂ ಹೇಳುತ್ತಾರೆಂದು ಕಾಯುತ್ತ, ತಲೆ ಎತ್ತದೆ ಆಯುತ್ತಲೇ ಇದ್ದಳು.

ಎದುರಿಗೆ ನೆರಳು ಬಿತ್ತು. ಹಸಿರು ಕಾಟನ್ ಸೀರೆಯ ನೆರಿಗೆ ಮೊಣಕಾಲಿಗೆ ಸೇರಿ, ನೆರಳು ಚಿಕ್ಕದಾಗಿ, ನೆಲಕ್ಕೆ ಕೂತಿತು. ಬಳೆ ತೊಟ್ಟ ದೊಡ್ಡ ಕೈಯೊಂದು ಕಾಳನ್ನು ಒಂದೊಂದಾಗಿ ಎತ್ತತೊಡಗಿತು. ಆಯುವುದು ಬರುತ್ತಿರಲಿಲ್ಲ, ಮಣ್ಣೂ ಜೊತೆಗೇ ಬರುತ್ತಿತ್ತು.

"ಹಂಗಲ್ಲಮ್ಮ, ಅಂಗೈ ಹಿಂಗೆ," ಎಂದಳು ಮೈತ್ರಿ.

ನೀಲಾಂಬಿಕಮ್ಮ ಅಂಗೈ ಹಾಗೆ ಮಾಡಿದರು. ಹಗ್ಗ ನೋಡಲು ಹೋಗಿದ್ದ ಮಹೇಶ್ವರಪ್ಪ ವಾಪಸು ಬಂದವರು ಬಾಯಿ ತೆರೆದು ನಿಂತರು. ಅತ್ತಿಗೆ ಎಂತ ಮಾಡುತ್ತಿದ್ದೀರಿ ಎಂದು ಕೇಳಿದರು. ಈ ಸಲ ಅವರ ದನಿಯಲ್ಲಿ ಕೊಂಕು ಇರಲಿಲ್ಲ, ನಿಜಕ್ಕೂ ತಿಳಿಯದೆ ಕೇಳಿದ್ದು.

ನೀಲಾಂಬಿಕಮ್ಮ ತಮ್ಮ ಸೆರಗಿನ ಕಾಳನ್ನು ಮೈತ್ರಿಯ ಮಡಿಲಿಗೆ ಸುರಿದರು. ನಿನ್ನಜ್ಜಿಗೆ ಕೊಡು ಎಂದು ಮೆಲ್ಲಗೆ ಹೇಳಿ, ಆಮೇಲೆ ಎಲ್ಲರಿಗೂ ಕೇಳುವ ಹಾಗೆ ಮೈದುನನಿಗೆ ಉತ್ತರ ಕೊಟ್ಟರು.

"ಹಕ್ಕಲು ಆಯ್ತಾ ಇದೀನಿ. ಬುಟ್ಟಿ ಕೊಡ್ತೀನಿ ಅಂದಿದ್ಯಲ್ಲ, ತಗಂಬಾ."